ಬೇಲೂರಿನ ವಿಮಾನವನ್ನು ಮತ್ತೆ ಕಟ್ಟತಕ್ಕದ್ದೇ?

ಹೊಯ್ಸಳರ ಕಾಲದ ದೇವಾಲಯಗಳನ್ನು ನೋಡಬೇಕೆಂದು ಹೊರಟ ಯಾತ್ರಿಕನು ಅರಸೀಕೆರೆಯ ರೈಲು ನಿಲ್ದಾಣದಲ್ಲಿ ಇಳಿದು, ಆ ಊರಿನ ಶಿವಾಲಯವನ್ನು ಮೊದಲು ದರ್ಶನಮಾಡಿ, ಬಳಿಕ ಜಾವಗಲ್ಲಿನ ಮೇಲೆ ಹಳೆಯಬೀಡಿಗೂ, ಅಲ್ಲಿಂದ ಹತ್ತು ಮೈಲಿ ದೂರದ ಬೇಲೂರಿಗೂ ಹೋದನೆಂದರೆ, ದಾರಿಯುದ್ದಕ್ಕೂ ಅವನ ಮನಸ್ಸಿನಲ್ಲಿ ಒಂದು ಶಂಕೆಯು ಬೆಳೆಯುತ್ತ ಹೋಗುವುದು. ಅರಸೀಕೆರೆಯ ಗುಡಿಯು ಕ್ರಿ. ಶ. ೧೨೨೦ರದು. ಅದು ದೊಡ್ಡ ಕಟ್ಟಡವೇನೂ ಅಲ್ಲ. ಆದರೂ ಅದರ ಗರ್ಭಗೃಹದ ಮೇಲೆ ಕಲ್ಲಿನ ಶಿಖರವು ನೆಲೆನೆಲೆಯಾಗಿ ಏರಿ ನಿಂತಿರುತ್ತದೆ. ಹಳೆಯಬೀಡಾದರೋ ಹಿಂದಿನ ದೋರಸಮುದ್ರ, ಹೊಯ್ಸಳರ ರಾಜಧಾನಿ. ಅಲ್ಲಿಯ ಹೊಯ್ಸಳೇಶ್ವರನ ಗುಡಿಗೆ ಶಿಖರವಿಲ್ಲ. ಬೇಲೂರಿನ ಚೆನ್ನಕೇಶವನ ಗುಡಿಯು ಆ ವಂಶದ ಕೀರ್ತಿಗೆ ಮೊದಲ ಕಂಬದಂತಿರುವುದು. ಅದಕ್ಕೂ ಶಿಖರವಿಲ್ಲ. ಪ್ರಜೆಗಳ ಮನೆಗಳಿಗೆಲ್ಲ ಮಾಡು ಇದ್ದು ಅರಮನೆಗೆ ಮಾತ್ರ ಮಾಡಿಲ್ಲದಿದ್ದರೆ ನೋಡಿದವರಿಗೆ ಹೇಗಾದೀತೋ ಹಾಗೆ ಯಾತ್ರಿಕನಿಗೆ ಆಗುತ್ತದೆ. ಇಷ್ಟು ದೊಡ್ಡ ಕೆಲಸಕ್ಕೆ ತಲೆಯೇ ಇಲ್ಲವಲ್ಲ, ಇದನ್ನು ಯಾರಾದರೂ ಮತ್ತೆ ಕಟ್ಟಿಸಬಾರದೇ ಎಂದು ಅವನು ಕೇಳುತ್ತಾನೆ. ಕೇಳತಕ್ಕ ಪ್ರಶ್ನೆಯೇ ಅದು. ಉತ್ತರ ಮಾತ್ರ ಕೇಳಿದಷ್ಟು ಸುಲಭವಲ್ಲ.

‘ವಿಮಾನ’ವೆಂಬ ಶಬ್ದವು ‘ವಿ’ ಎಂಬ ಉಪಸರ್ಗವು ಸೇರಿದ ‘ಮಾ’ ಧಾತುವಿನಿಂದ ಆದುದು, ಅಳೆಯುವುದೆಂದು ಧಾತ್ವರ್ಥ. ಅಮರಸಿಂಹನ ಕೋಶದಲ್ಲಿ ಅದಕ್ಕೆ ಆಕಾಶದಲ್ಲಿ ಸಂಚರಿಸುವ ವಾಹನವೆಂಬ ಅರ್ಥವಿದೆ. ವಾಸ್ತುಗ್ರಂಥಗಳಲ್ಲಿ ಗರ್ಭಗೃಹವೂ ಅದರ ಮೇಲಿನ ಶಿಖರವೂ ಕೂಡಿದ ಕಟ್ಟಡಕ್ಕೆ ಅದೇ ಹೆಸರು. ಇಂದಿನ ಕನ್ನಡದಲ್ಲಿ ಎಂಜಿನ್ನು ರೆಕ್ಕೆಗಳುಳ್ಳ ಯಂತ್ರವು ಆ ಹೆಸರನ್ನು ಪಡೆದುಕೊಂಡಿದೆ. ಈ ಮೂರನೆಯ ಬಗೆಯ ವಿಮಾನದ ಪುಟ್ಟ ಪ್ರತಿಕೃತಿಗಳನ್ನು ಪ್ಲಾಸ್ಟಿಕ್ಕಿನ ಬಿಡಿಭಾಗಗಳಾಗಿ ಪೆಟ್ಟಿಗೆಯಲ್ಲಿಟ್ಟು ಮಾರುವುದುಂಟು. ಕೊಂಡವರು ಅಂಟು ಹಚ್ಚಿ ಜೋಡಿಸಿ ಬಣ್ಣ ಬಳಿದು ಸಂತೋಷಪಡುತ್ತಾರೆ. ಐವತ್ತು ಅರವತ್ತು ವರ್ಷಗಳ ಹಿಂದಿನ ಪೆಟ್ಟಿಗೆಯೊಂದು ಕೈಗೆ ಸಿಕ್ಕಿದಾಗ ಆ ಹವ್ಯಾಸಿಗಳಲ್ಲಿ ಒಂದು ಚರ್ಚೆಯು ಏಳುವುದು: ಇದನ್ನು ಜೋಡಿಸಬೇಕೋ, ಇದ್ದಂತೆಯೇ ಇಡಬೇಕೋ? ಭಾಗಗಳೆಲ್ಲವೂ ಇವೆಯೋ, ಒಂದಕ್ಕೊಂದು ಕೂಡುತ್ತವೆಯೋ, ಅಚ್ಚು ತೆಗೆದವನು ನಿಜವಾದ ವಿಮಾನವನ್ನು ಅಳೆದು ತೆಗೆದನೋ? ಇಂಗ್ಲೆಂಡಿನ ಏರ್‌ಫಿಕ್ಸ್ ಕಂಪನಿಯು ೧೯೫೩ರಲ್ಲಿ ಮಾರಾಟಕ್ಕಿಟ್ಟ ಸ್ಪಿಟ್‌ಫೈರ್ ಯುದ್ಧವಿಮಾನದ ಮಾದರಿಯು ಅಮೆರಿಕದ ಅರೋರಾ ಕಂಪನಿಯ ಮಾದರಿಯನ್ನೇ ನೋಡಿ ಚಿಕ್ಕದಾಗಿ ಮಾಡಿದ ನಕಲು. ಎಂದರೆ ಪ್ರತಿಕೃತಿಯ ಪ್ರತಿಕೃತಿ. ಅಂಥದನ್ನು ಎಷ್ಟು ಚೊಕ್ಕಟವಾಗಿ ಜೋಡಿಸಿದರೂ ಮೂಲದ ತಪ್ಪು ಜೋಡಣೆಯಿಂದ ಹೋಗಲಾರದು. ಆಟಿಕೆಯ ಮಾತನ್ನು ದೇವಾಲಯದ ಪ್ರಸ್ತಾಪದಲ್ಲಿ ತರಬಹುದೇ ಎಂದು ವಾಚಕರು ಮುನಿಯದಿರಲಿ. ಕೇಳತಕ್ಕ ಪ್ರಶ್ನೆಗಳು ಎರಡು ಕಡೆಯಲ್ಲಿಯೂ ಅವೇ ಆಗಿವೆ.

ಮೊದಲು ತಿಳಿಯತಕ್ಕದ್ದೇನೆಂದರೆ, ‘ಶಿಖರವಿಲ್ಲ’ ಎಂಬ ಒಂದೇ ಮಾತು ಎಲ್ಲ ಕಡೆಯಲ್ಲಿಯೂ ಒಂದೇ ಅರ್ಥವನ್ನು ಕೊಡುವುದಿಲ್ಲ. ನೈಯಾಯಿಕರು ಅಭಾವವನ್ನು ವಿಂಗಡಿಸುವಾಗ, ಮಡಕೆಯು ಹುಟ್ಟುವುದಕ್ಕೆ ಮುಂಚಿನ ‘ಇಲ್ಲ’ವನ್ನು ಪ್ರಾಗಭಾವವೆಂದೂ, ಒಡೆದ ಮೇಲಿನ ‘ಇಲ್ಲ’ವನ್ನು ಪ್ರಧ್ವಂಸಾಭಾವವೆಂದೂ ಹೇಳುತ್ತಾರೆ. ಈ ಭೇದವನ್ನು ಮರೆತು ಜೀರ್ಣೋದ್ಧಾರದ ಮಾತನ್ನಾಡುವುದರಿಂದ ಬಹಳ ಗೊಂದಲವುಂಟಾಗಿದೆ.

ಹಳೆಯಬೀಡಿನ ಹೊಯ್ಸಳೇಶ್ವರನದು ಪ್ರಾಗಭಾವ. ಆ ದೇವಾಲಯದ ಕೆಲಸವು ವಿಷ್ಣುವರ್ಧನನ ಆಳಿಕೆಯಲ್ಲಿ, ೧೧೨೧ರ ಸುಮಾರಿಗೆ, ಕೇತಮಲ್ಲನೆಂಬ ಅಧಿಕಾರಿಯ ಪ್ರಯತ್ನದಿಂದ ಮೊದಲಾಯಿತು. ಒಂದನೆಯ ನರಸಿಂಹನ ಸ್ಥಪತಿಯಾಗಿದ್ದ ಕೇದಾರೋಜನ ಹೆಸರೂ ಆ ಗುಡಿಯೊಡನೆ ಸೇರಿಕೊಂಡಿದೆ. ಎರಡು ಗರ್ಭಗೃಹಗಳು, ಎರಡು ನವರಂಗಗಳು, ಎದುರಿಗೆ ಎರಡು ನಂದಿಮಂಟಪಗಳು. ಗೋಡೆಯ ಮೇಲೆ ಅಂಗೈಯಗಲದ ಬರಿಜಾಗವೂ ಇಲ್ಲ. ಇಷ್ಟಾಗಿಯೂ ಶಿಖರಗಳು ಏಳಲಿಲ್ಲವೆಂದೇ ವಿದ್ವಾಂಸರಲ್ಲಿ ಹೆಚ್ಚಿನವರ ಅಭಿಪ್ರಾಯ. ಜೇಮ್ಸ್ ಫರ್ಗ್ಯುಸನ್ನನು ೧೮೭೬ರಲ್ಲಿ ಪ್ರಕಟಿಸಿದ ಭಾರತೀಯ ವಾಸ್ತುಶಿಲ್ಪದ ಚರಿತ್ರೆಯಲ್ಲಿ ಈ ಗುಡಿಯನ್ನು ಅಥೆನ್ಸಿನ ಪಾರ್ಥಿನಾನ್ ದೇವಾಲಯದೊಡನೆ ಹೋಲಿಸಿ ಹೊಗಳಿದನು. ಮುಸಲ್ಮಾನರ ದಂಡಯಾತ್ರೆಯಿಂದ ಕೆಲಸವು ನಿಂತುಹೋಯಿತೆಂದು ಮರುಗಿದನು. ಈ ಕಾರಣವನ್ನು ಹಾಗೆಯೇ ಒಪ್ಪುವುದು ಕಷ್ಟ. ಮಲಿಕ್ ಕಾಫರನ ಸೇನೆಯು ದೋರಸಮುದ್ರಕ್ಕೆ ಬಂದದ್ದು ೧೩೧೧ರಲ್ಲಿ. ಕೆಲಸವು ಮೊದಲಾದಂದಿನಿಂದ ಅಷ್ಟರಲ್ಲಿ ೧೯೦ ವರ್ಷಗಳು ಕಳೆದಿದ್ದುವು. ಆ ನಡುವೆ ಇದೇ ಊರಿನ ಕೇದಾರೇಶ್ವರವೂ, ಅರಸೀಕೆರೆಯ ಶಿವಾಲಯವೂ, ಹಾರನಹಳ್ಳಿಯ ಕೇಶವ ಸೋಮೇಶ್ವರ ದೇವಾಲಯಗಳೂ, ದೂರದ ಸೋಮನಾಥಪುರವೂ ಶಿಖರಸಹಿತವಾಗಿ ಮುಗಿದುವು. ಕಲ್ಲಿಗಾಗಲಿ ಕುಶಲರಾದ ಓಜರಿಗಾಗಲಿ ಕೊರತೆಯಿರಲಿಲ್ಲ. ಎರಡು ಗರ್ಭಗೃಹಗಳ ಮೇಲೆ ಅಷ್ಟು ಭಾರವನ್ನು ಹೊರಿಸಲು ಸ್ಥಪತಿಗಳೇ ಹಿಂದೆಗೆದರೋ, ಅರಸರ ಮನಸ್ಸು ಹೊಸ ಗುಡಿಗಳ ಕಡೆಗೆ ತಿರುಗಿತೋ, ಕಾರಣವು ಏನೇ ಇರಲಿ. ಶತ್ರುವಿನ ಮೇಲೆ ಎಲ್ಲ ಹೊರೆಯನ್ನೂ ಹೊರಿಸುವುದು ಚರಿತ್ರೆಯಲ್ಲಿ ಸುಲಭವಾದ ಹಾದಿ, ನಂಬತಕ್ಕ ಹಾದಿಯಲ್ಲ.

ಅದೇ ಗ್ರಂಥದಲ್ಲಿ ಫರ್ಗ್ಯುಸನ್ನನು ಹೊಯ್ಸಳೇಶ್ವರಕ್ಕೆ ಶಿಖರಗಳನ್ನು ಏರಿಸಿದ ಒಂದು ಚಿತ್ರವನ್ನು ಕೊಟ್ಟಿದ್ದಾನೆ. ಗುಡಿಯು ಪೂರ್ಣವಾಗಿದ್ದರೆ ಹೇಗೆ ಕಾಣುತ್ತಿತ್ತೆಂಬುದನ್ನು ತೋರಿಸುವುದಷ್ಟೇ ಅದರ ಉದ್ದೇಶ. ಕಾಗದದ ಮೇಲೆ ಎತ್ತಿದ ಆ ಶಿಖರದಿಂದ ಯಾವ ಗೋಡೆಯೂ ಬಿರಿಯಲಿಲ್ಲ, ಯಾವ ವಿಗ್ರಹವೂ ಮುಕ್ಕಾಗಲಿಲ್ಲ. ಹಳೆಯಬೀಡಿಗೆ ಸಲ್ಲತಕ್ಕ ಶಿಖರವೆಂದರೆ ಅದೇ. ಹುಟ್ಟದೇ ಇದ್ದ ವಸ್ತುವಿಗೆ ‘ಪುನಃ’ ಎಂಬ ಶಬ್ದವು ಅನ್ವಯಿಸುವುದಿಲ್ಲ. ಅಲ್ಲಿ ಈಗ ಶಿಖರವನ್ನು ಎತ್ತಿದರೆ ಅದು ಜೀರ್ಣೋದ್ಧಾರವಾಗದೆ ಹೊಸ ಗುಡಿಯಾದೀತು.

ಕೇದಾರೇಶ್ವರದ ಕಥೆಯು ಬೇರೆ. ಇಮ್ಮಡಿ ವೀರಬಲ್ಲಾಳನೂ ಅವನ ರಾಣಿ ಅಭಿನವ ಕೇತಲದೇವಿಯೂ ೧೨೧೯ರ ವೇಳೆಗೆ ಕಟ್ಟಿಸಿದ ಈ ತ್ರಿಕೂಟಾಲಯಕ್ಕೆ ಶಿಖರವಿದ್ದಿತು. ಇದ್ದಿತೆಂಬುದಕ್ಕೆ ಕಂಡವರ ಸಾಕ್ಷ್ಯವುಂಟು. ಹತ್ತೊಂಬತ್ತನೆಯ ಶತಮಾನದ ನಡುಭಾಗದಲ್ಲಿ ನೀಲ್ ಎಂಬ ವೈದ್ಯನೂ ಬಿಗ್ಸ್, ಪಿಗೌ ಎಂಬವರೂ ಧಾರವಾಡ ಮೈಸೂರು ಸೀಮೆಗಳ ಗುಡಿಗಳ ಛಾಯಾಚಿತ್ರಗಳನ್ನು ತೆಗೆದರು. ಅವು ಮೆಡೋಸ್ ಟೇಲರ್ ಮತ್ತು ಫರ್ಗ್ಯುಸನ್ನರ ಬರಹದೊಡನೆ ೧೮೬೬ರಲ್ಲಿ ಗ್ರಂಥರೂಪವಾಗಿ ಹೊರಬಂದುವು. ಕೇದಾರೇಶ್ವರದ ಶಿಖರದ ಸಂದಿಯಲ್ಲಿ ಮರವೊಂದು ಬೇರುಬಿಟ್ಟು ಕಲ್ಲುಗಳನ್ನು ಸಡಿಲಿಸುತ್ತಿದ್ದುದನ್ನು ಫರ್ಗ್ಯುಸನ್ನನು ಬರೆದಿದ್ದಾನೆ. ಸೌಂದರ್ಯದಲ್ಲಿ ಇದಕ್ಕೆ ಸಮವಾದುದು ಅಪೂರ್ವವೆಂದೂ ಹೇಳಿದ್ದಾನೆ. ಹಕ್ಕಿಯೊಂದು ಉದುರಿಸಿದ ಬೀಜವು ಮೊಳೆತ ವರ್ಷದಲ್ಲಿ ಒಬ್ಬ ಆಳು ಏಣಿ ಹತ್ತಿ ಆ ಸಸಿಯನ್ನು ಕಿತ್ತೆಸೆದಿದ್ದರೆ ಕೆಲಸವು ಮುಗಿಯುತ್ತಿತ್ತು. ಯಾರೂ ಹತ್ತಲಿಲ್ಲ. ಸಸಿಯು ಮರವಾಯಿತು, ಬೇರು ತೊಲೆಯಷ್ಟು ದಪ್ಪವಾಯಿತು, ಶಿಖರವು ಬಿರಿದು ಕೆಳಗೆ ಬಂದಿತು, ಅದರೊಡನೆ ಗೋಡೆಗಳೂ ಕುಸಿದುವು. ಚೆಲುವಾದ ವಿಗ್ರಹಗಳಲ್ಲಿ ಕೆಲವು ಬೆಂಗಳೂರಿನ ವಸ್ತುಸಂಗ್ರಹಾಲಯಕ್ಕೆ ಹೋದುವು. ಒಂದೇ ಮನೆಯ ಮಕ್ಕಳು ಹೀಗೆ ಚೆದರಿದ ಮೇಲೆ ಉಳಿದ ಕಲ್ಲುಗಳನ್ನು ಕೂಡಿಸಿ ಗುಡಿಯನ್ನು ಮತ್ತೆ ನಿಲ್ಲಿಸಲಾಯಿತು. ಈಗ ನೋಡುವವರಿಗೆ ಅದು ಗೋಡೆಯ ಮೇಲಿನ ಭಾಗದವರೆಗೆ ನಿಂತಿರುತ್ತದೆ. ಶಿಖರವು ಮಾತ್ರ ಇಲ್ಲ.

ಕೂಡಿಸಿದವರು ಶಿಖರವನ್ನು ಏಕೆ ಬಿಟ್ಟರೆಂದು ಆಕ್ಷೇಪಿಸುವವರುಂಟು. ಗೋಡೆಯ ಕಲ್ಲಿಗೆ ಒಂದು ಅನುಕೂಲವಿದೆ. ಆನೆಯ ಸಾಲು, ಕುದುರೆಯ ಸಾಲು, ಬಳ್ಳಿಯ ಸಾಲು ಇವೆಲ್ಲ ಒಂದರ ಮೇಲೊಂದು ಓಡುವುದರಿಂದ, ಬಿದ್ದ ಕಲ್ಲಿನ ಮೇಲಿನ ಸೊಂಡಿಲೊಂದನ್ನು ನೋಡಿಯೇ ಅದರ ಸ್ಥಾನವನ್ನು ಊಹಿಸಬಹುದು. ಶಿಖರದ ಕಲ್ಲಾದರೋ ಎತ್ತರದಿಂದ ಬಿದ್ದು ಪುಡಿಯಾಗಿರುವುದು. ಉಳಿದ ತುಂಡುಗಳು ಒಂದನ್ನೊಂದು ಹೋಲುವುವು. ಇದು ಹತ್ತನೆಯ ಕೂಟದ್ದೋ ಹನ್ನೆರಡನೆಯದೋ ಎಂದು ಹೇಳುವ ಗುರುತು ಇರುವುದಿಲ್ಲ. ಆ ಕಾಲದ ಛಾಯಾಚಿತ್ರವು ಹೊರರೂಪವನ್ನು ತೋರಿಸಬಲ್ಲುದು, ಒಳಗಿನ ಕಟ್ಟಡದ ಬಗೆಯನ್ನು ತೋರಿಸಲಾರದು. ಆದುದರಿಂದ ಸಿಕ್ಕಿದಷ್ಟನ್ನು ನಿಲ್ಲಿಸಿ ಸಿಕ್ಕದುದನ್ನು ಬಿಟ್ಟವರು ಸರಿಯಾಗಿಯೇ ಮಾಡಿದರು. ಜಾವಾ ದ್ವೀಪದ ಪ್ರಂಬಾನನ್ ಎಂಬಲ್ಲಿಯ ಶಿವಾಲಯವನ್ನು ಬಿದ್ದ ಕಲ್ಲುಗಳಿಂದಲೇ ಮತ್ತೆ ಕಟ್ಟಿ ೧೯೫೩ರಲ್ಲಿ ಪೂರೈಸಿದರು. ಮೂಲದ ಕಲ್ಲುಗಳಲ್ಲಿ ಮುಕ್ಕಾಲು ಪಾಲು ದೊರೆತ ಗುಡಿಗಳನ್ನು ಮಾತ್ರ ಎತ್ತಬೇಕೆಂದು ಅಲ್ಲಿ ನಿಯಮವನ್ನಿಟ್ಟುಕೊಂಡಿದ್ದಾರೆ. ಮುಕ್ಕಾಲೆಂಬುದೇ ಏಕೆ, ಅರೆಪಾಲು ಏಕಾಗಬಾರದು ಎಂದು ಕೇಳಿದರೆ ಉತ್ತರವಿಲ್ಲದಿರಬಹುದು. ಎಲ್ಲಿಯಾದರೂ ಒಂದು ಗೆರೆಯನ್ನು ಎಳೆಯಲೇಬೇಕಷ್ಟೆ.

ಇನ್ನು ಬೇಲೂರು. ಇಲ್ಲಿಯೇ ಪ್ರಶ್ನೆಯು ನಿಜವಾಗಿ ಕಠಿನವಾಗಿರುವುದು.

ವಿಷ್ಣುವರ್ಧನನು ವಿಜಯನಾರಾಯಣನೆಂಬ ಹೆಸರಿನಿಂದ ಈ ದೇವರನ್ನು ಪ್ರತಿಷ್ಠೆಮಾಡಿದ್ದು ೧೧೧೭ರಲ್ಲಿ, ಶಕವರ್ಷ ೧೦೩೯ರ ಹೇವಿಳಂಬಿ ಸಂವತ್ಸರದಲ್ಲಿ. ಮಂಟಪದ ಜಾಲಂಧ್ರಗಳು ಇಮ್ಮಡಿ ಬಲ್ಲಾಳನ ಕಾಲದಲ್ಲಿ ಸೇರಿದುವು. ಮೊದಲು ಅದು ತೆರೆದ ಮಂಟಪವಾಗಿದ್ದಿತು. ಹೊರಗಿನ ಮಹಾದ್ವಾರವನ್ನು ಕಲಬುರಗಿಯ ಕಡೆಯ ಗಂಗ ಸಾಲಾರನೆಂಬವನು ಸುಟ್ಟುದಾಗಿಯೂ, ವಿಜಯನಗರದ ಇಮ್ಮಡಿ ಹರಿಹರನ ದಂಡನಾಯಕನಾದ ಗುಂಡನು ೧೩೯೭ರಲ್ಲಿ ಗೋಪುರವನ್ನು ಮತ್ತೆ ಎತ್ತಿಸಿದುದಾಗಿಯೂ ಶಾಸನದಿಂದ ತಿಳಿಯಬರುತ್ತದೆ. ಗರ್ಭಗೃಹದ ಮೇಲಿನ ಶಿಖರವು ಕಲ್ಲಿನದಾಗಿರಲಿಲ್ಲ. ಇಟ್ಟಿಗೆ, ಗಾರೆ, ಮರ ಇವುಗಳಿಂದ ಆದುದು. ಮೇಲೆ ಚಿನ್ನದ ಮುಲಾಮಿನ ತಾಮ್ರದ ತಗಡು ಹೊದಿಸಲ್ಪಟ್ಟಿದ್ದುದೂ ಉಂಟು. ಅದು ಹಲವು ಸಲ ಕೆಟ್ಟು ಹಲವು ಸಲ ದುರಸ್ತಿಯಾಯಿತು. ಕೊನೆಗೆ ೧೮೭೯ರಲ್ಲಿ, ಕೆಳಗಿನ ಗರ್ಭಗೃಹವನ್ನು ಉಳಿಸಿಕೊಳ್ಳುವುದಕ್ಕಾಗಿ, ಅದನ್ನು ಬಿಚ್ಚಿ ಇಳಿಸಿದರು. ಮೈಸೂರು ಸೀಮೆಯನ್ನು ಹಾಳುಮಾಡಿದ ೧೮೭೬-೭೮ರ ದೊಡ್ಡ ಬರವು ಆಗತಾನೆ ಕಳೆದಿತ್ತು. ರಾಜ್ಯವು ಒಡೆಯರಿಗೆ ಹಿಂದಿರುಗಲು ಇನ್ನೂ ಎರಡು ವರ್ಷಗಳಿದ್ದುವು. ಅಂಥ ಕಾಲದಲ್ಲಿ ಹೊಸ ಶಿಖರದ ಯೋಚನೆಯು ಯಾರಿಗೂ ಬಾರದಿದ್ದರೆ ಆಶ್ಚರ್ಯವಿಲ್ಲ.

ಭಕ್ತರ ಪಕ್ಷವನ್ನು ಲಘುವಾಗಿ ಕಾಣಲಾಗದು. ಪ್ರಾಸಾದವೆಂಬುದು ಪುರುಷನ ರೂಪ. ಅಧಿಷ್ಠಾನವು ಪಾದ, ಭಿತ್ತಿಯು ದೇಹ, ಶಿಖರವು ಶಿರಸ್ಸು ಎಂದು ಶಿಲ್ಪಶಾಸ್ತ್ರಜ್ಞರು ಭಾವಿಸುತ್ತಾರೆ. ಹಳೆಯಬೀಡಿನ ಗುಡಿಯ ಮುಂದೆ ನಿಲ್ಲುವವರಲ್ಲಿ ಹೆಚ್ಚಿನವರು ಶಿಲ್ಪವನ್ನು ನೋಡಲು ಬಂದವರು. ಬೇಲೂರಿಗೆ ಬರುವವರಲ್ಲಿ ಕೈಮುಗಿಯಲು ಬರುವವರೂ ಅನೇಕರು. ಅಲ್ಲಿ ಇಂದಿಗೂ ನಿತ್ಯಪೂಜೆಯುಂಟು, ಚೈತ್ರದಲ್ಲಿ ರಥೋತ್ಸವವುಂಟು. ತೇರಿಗೆ ಪ್ರತಿವರ್ಷವೂ ಶಿಖರ ಕಟ್ಟಿ ಕಲಶವಿಡುತ್ತೇವೆ, ಗುಡಿಗೆ ಮಾತ್ರ ಇಲ್ಲವಲ್ಲ ಎಂದು ಒಬ್ಬ ಭಕ್ತನು ಮರುಗಿದರೆ ಅದು ಅಜ್ಞಾನದ ಮಾತಲ್ಲ.

ಇದಲ್ಲದೆ ಅವನ ಕೈಯಲ್ಲಿ ಒಂದು ಬಲವಾದ ಪ್ರಮಾಣವೂ ಇದೆ. ಜಗತಿಯನ್ನು ಏರುವ ಮೆಟ್ಟಲುಗಳ ಇಕ್ಕೆಲಗಳಲ್ಲಿಯೂ, ಮಂಟಪದ ಬಾಗಿಲುಗಳ ಮೆಟ್ಟಲುಗಳ ಎರಡು ಮಗ್ಗುಲಲ್ಲಿಯೂ, ಆಳೆತ್ತರವನ್ನು ಮೀರಿದ ಪುಟ್ಟ ವಿಮಾನಗಳು ನಿಂತಿವೆ. ಅವು ಬರಿಯ ಅಲಂಕಾರಗಳಲ್ಲ, ಒಂದೊಂದೂ ಪೂರ್ಣವಾದ ಗುಡಿ: ಅಧಿಷ್ಠಾನವುಂಟು, ಭಿತ್ತಿಯುಂಟು, ಶಿಖರವುಂಟು. ನಾಲ್ಕು ದಿಕ್ಕಿಗೂ ಉದ್ದವಾದ ಪಟ್ಟಿಕೆಗಳು ಕೆಳಗಿನಿಂದ ಮೇಲಕ್ಕೆ ಏರಿ, ಆ ಪಟ್ಟಿಕೆಗಳ ನಡುವೆ ಕಿರುಗಂಬಗಳ ಮೇಲೆ ಕುಳಿತ ಕಿರುಶಿಖರಗಳು ಸಾಲುಸಾಲಾಗಿ ಕಿರಿದಾಗುತ್ತ ಹೋಗುವುವು. ಇದೇ ಭೂಮಿಜವೆಂಬ ಬಗೆ. ಮಾಳವದಲ್ಲಿ ಪ್ರಸಿದ್ಧವಾದುದು, ಕರ್ಣಾಟಕದಲ್ಲಿ ಅಪರೂಪವಾದುದು. ಕನ್ನಡದ ಓಜರಿಗೆ ಪರದೇಶದ ಬಗೆಗಳು ತಿಳಿದಿರಲಿಲ್ಲವೆಂದು ಎಣಿಸಬಾರದು. ಬಳ್ಳಾರಿಯ ಕಡೆಯ ಹೊಳಲಿನ ಶಾಸನವೊಂದು ಬಮ್ಮೋಜನೆಂಬ ಸ್ಥಪತಿಯನ್ನು ನಾಗರ, ಕಾಳಿಂಗ, ದ್ರಾವಿಡ, ವೇಸರವೆಂಬ ನಾಲ್ಕು ಬಗೆಗಳನ್ನೂ ಬಲ್ಲವನೆಂದು ಹೊಗಳುತ್ತದೆ. ಬೇಲೂರಿನ ಗರ್ಭಗೃಹದ ಹೊರಗೋಡೆಯು ನಕ್ಷತ್ರಾಕಾರವಾಗಿ ಹದಿನಾರು ಕೋನಗಳಿಂದ ಕೂಡಿರುವುದು. ಅದರ ಮೂರು ದಿಕ್ಕುಗಳಿಗೂ ಎರಡಂತಸ್ತಿನ ರಥದಂಥ ಕಿರುಗುಡಿಗಳು ಅಂಟಿಕೊಂಡಿವೆ. ಈ ನಕ್ಷತ್ರದ ರೇಖೆಗಳು ಮೇಲಕ್ಕೆ ಎದ್ದರೆ ಭೂಮಿಜಶಿಖರವೇ ಆಗತಕ್ಕದ್ದೆಂದು ವಿದ್ವಾಂಸರು ಊಹಿಸಿದ್ದಾರೆ. ಕರ್ಣಾಟಕದ ದ್ರಾವಿಡ ವಾಸ್ತುವನ್ನು ಕುರಿತು ೧೯೯೫ರಲ್ಲಿ ಗ್ರಂಥವನ್ನು ಪ್ರಕಟಿಸಿದ ಆಡಂ ಹಾರ್ಡಿಯವರು, ಗೋಡೆಯ ಮೇಲಿನ ಇಂಥ ಕಿರುಗುಡಿಗಳೇ ದೊಡ್ಡ ಗುಡಿಯ ರಚನೆಯ ಘಟಕಗಳೆಂಬುದನ್ನು ವಿಸ್ತಾರವಾಗಿ ತೋರಿಸಿದ್ದಾರೆ. ಮಾದರಿಯು ಬಾಗಿಲಲ್ಲಿಯೇ ನಿಂತಿದೆ, ನೆಲದ ನಕ್ಷೆಯು ಕಾಲ ಕೆಳಗೆ ಇದೆ, ಕಟ್ಟುವುದಕ್ಕೆ ಅಡ್ಡಿಯೇನು ಎಂದು ಕೇಳುವವನಿಗೆ ಒಡನೆಯೇ ಉತ್ತರವನ್ನು ಹೇಳುವುದು ಸುಲಭವಲ್ಲ.

ಅಡ್ಡಿಯು ಇಲ್ಲಿರುವುದು. ಬಾಗಿಲಿನ ವಿಮಾನವು ದೊಡ್ಡ ವಿಮಾನದ ಅಳತೆಗೆ ಸರಿಯಾಗಿ ಕಿರಿದುಮಾಡಿದ ಪ್ರತಿಕೃತಿಯೆಂದು ಯಾವ ಶಾಸನವೂ ಹೇಳುವುದಿಲ್ಲ. ಅದೇ ಗುಡಿಯ ಗೋಡೆಯ ಮೇಲೆ ಬೇರೆಬೇರೆ ಬಗೆಯ ಕಿರುಶಿಖರಗಳೂ ಇವೆ. ಶಿಲ್ಪಿಗೆ ತನ್ನ ವಿದ್ಯೆಯ ವೈವಿಧ್ಯವನ್ನು ಮೆರೆಯಿಸುವ ಆಸೆಯೂ ಇದ್ದೀತು. ಕಿರುವಿಮಾನವು ಬಗೆಯನ್ನು ಹೇಳುತ್ತದೆ. ನೆಲೆಗಳ ಸಂಖ್ಯೆಯನ್ನಾಗಲಿ ಎತ್ತರವನ್ನಾಗಲಿ ಹೇಳಲಾರದು. ಅದು ಕಲ್ಲಿನದು, ಹೋದ ಶಿಖರವು ಮರ ಇಟ್ಟಿಗೆಗಳದು. ಕಲ್ಲಿನಿಂದ ಮಾಡಿದ ಮಾದರಿಯನ್ನು ನೋಡಿ ಇಟ್ಟಿಗೆಯ ಶಿಖರವನ್ನು ಕಟ್ಟಿದರೆ ಹಳೆಯದಾಗದು. ಕಲ್ಲಿನಲ್ಲಿಯೇ ಕಟ್ಟಿದರಂತೂ, ಎಂಟುನೂರು ಒಂಬೈನೂರು ವರ್ಷಗಳಿಂದ ಹಗುರವಾದ ಭಾರವನ್ನೇ ಹೊತ್ತುಕೊಂಡು ಬಂದ ಬಳಪದ ಕಲ್ಲಿನ ಗೋಡೆಯ ಮೇಲೆ ಸಾವಿರಾರು ಮಣಗಳ ಹೊಸ ಹೊರೆಯನ್ನು ಇಟ್ಟಂತಾಗುವುದು. ಬಳಪದ ಕಲ್ಲು ಉಳಿಗೆ ಮೃದು, ಅದರಿಂದಲೇ ಮದನಿಕೆಯ ಒಡವೆಗಳವರೆಗೆ ಕೆತ್ತಲು ಸಾಧ್ಯವಾಯಿತು. ಆ ಮೃದುತ್ವವನ್ನು ಭಾರದ ವಿಷಯದಲ್ಲಿ ಮರೆಯಬಾರದು. ೧೮೭೯ರವರು ಹಗುರವಾದ ಶಿಖರಕ್ಕೇ ಅಂಜಿದರಷ್ಟೆ.

ಮತ್ತೊಂದು ಮಾತು. ಯಾವ ಶಿಖರವನ್ನು ಮತ್ತೆ ಕಟ್ಟುವುದು? ೧೧೧೭ರದನ್ನೋ, ವಿಜಯನಗರದ ಕಾಲದ ಚಿನ್ನದ ಮುಲಾಮಿನದನ್ನೋ, ೧೮೭೯ರಲ್ಲಿ ಇಳಿಸಿದುದನ್ನೋ? ಮೊದಲನೆಯದರ ರೂಪವು ಊಹೆಯಿಂದ ಮಾತ್ರ ತಿಳಿಯತಕ್ಕದ್ದು. ಕೊನೆಯದು ಅನೇಕ ದುರಸ್ತಿಗಳ ಮೊತ್ತ. ನಡುವಣದನ್ನು ಕಟ್ಟಿದರೆ ಹೊಯ್ಸಳರ ಗುಡಿಯನ್ನು ಪೂರ್ಣಮಾಡಿದೆವೆಂಬ ಮಾತು ಸುಳ್ಳಾಗುವುದು. ಗುಂಡ ದಂಡನಾಯಕನ ಬುದ್ಧಿಯನ್ನು ಇಲ್ಲಿ ಮೆಚ್ಚಬೇಕು. ಅವನು ತನ್ನ ಗೋಪುರವನ್ನು ತನ್ನ ಕಾಲದ ರೀತಿಯಲ್ಲಿಯೇ ಕಟ್ಟಿಸಿದನು. ಅದನ್ನು ನೋಡಿ ವಿಷ್ಣುವರ್ಧನನ ಕೆಲಸವೆಂದು ಯಾರೂ ಮೋಸಹೋಗರು.

ಊಹೆಯಿಂದ ವಿಮಾನವನ್ನು ಕಟ್ಟುವ ಉತ್ಸಾಹವು ಎಲ್ಲಿಗೆ ಮುಟ್ಟೀತೆಂಬುದಕ್ಕೆ ಕನ್ನಡ ನಾಡಿನಲ್ಲಿಯೇ ಇನ್ನೊಂದು ನಿದರ್ಶನವುಂಟು. ಆನೇಕಲ್ಲಿನ ಪಂಡಿತ ಸುಬ್ಬರಾಯ ಶಾಸ್ತ್ರಿಗಳು ಭರದ್ವಾಜ ಮಹರ್ಷಿಯದೆಂದು ವೈಮಾನಿಕ ಶಾಸ್ತ್ರವನ್ನು ೧೯೧೮ರಿಂದ ೧೯೨೩ರವರೆಗೆ ಹೇಳಿ ಬರೆಯಿಸಿದರು. ಬೆಂಗಳೂರಿನ ಎಂಜಿನಿಯರಿಂಗ್ ಕಾಲೇಜಿನ ನಕ್ಷೆಗಾರ ಎಲ್ಲಪ್ಪನವರು ೧೯೨೩ರಲ್ಲಿ ಅದಕ್ಕೆ ಚಿತ್ರಗಳನ್ನು ಬರೆದುಕೊಟ್ಟರು. ಮೈಸೂರಿನ ಜಿ. ಆರ್. ಜೋಸಯರರು ೧೯೭೩ರಲ್ಲಿ ಇಂಗ್ಲಿಷ್ ಅನುವಾದದೊಡನೆ ಪ್ರಕಟಿಸಿದರು. ಆ ಯಂತ್ರಗಳನ್ನು ನಿರ್ಮಿಸಬಹುದೇ ಎಂಬುದನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎಚ್. ಎಸ್. ಮುಕುಂದ ಮೊದಲಾದ ಐವರು ವಿದ್ವಾಂಸರು ಪರೀಕ್ಷಿಸಿ, ಅವು ಹಾರತಕ್ಕವಲ್ಲವೆಂದೂ, ಗ್ರಂಥದ ಸಂಸ್ಕೃತವು ಪ್ರಾಚೀನವಲ್ಲವೆಂದೂ ೧೯೭೪ರಲ್ಲಿ ತೀರ್ಮಾನಿಸಿದರು. ವ್ಯಾಕರಣವನ್ನು ಓದಿದವರು ಆ ಶ್ಲೋಕಗಳ ಧಾಟಿಯನ್ನು ಕಂಡರೆ ಎರಡನೆಯ ತೀರ್ಮಾನಕ್ಕೆ ವಿಜ್ಞಾನದ ನೆರವಿಲ್ಲದೆಯೇ ಬಂದಾರು. ಶಾಸ್ತ್ರಿಗಳ ಶ್ರದ್ಧೆಯಲ್ಲಿ ಕುಂದಿಲ್ಲ. ಎಲ್ಲಪ್ಪನವರ ಮುಂದೆ ಅಳೆಯುವುದಕ್ಕೆ ವಸ್ತುವೇ ಇರಲಿಲ್ಲ. ಇದ್ದದ್ದು ಶಬ್ದಗಳು ಮಾತ್ರ. ಬೇಲೂರಿನಲ್ಲಿ ಅಳೆಯುವುದಕ್ಕೆ ಅರ್ಧ ವಸ್ತುವಾದರೂ ಇದೆಯೆಂಬುದು ನಿಜ. ಉಳಿದರ್ಧವನ್ನು ಶಬ್ದದಿಂದಲೇ ತುಂಬಬೇಕಾಗಿದೆ.

ಶಾಸ್ತ್ರವು ಏನನ್ನುವುದೆಂದು ನೋಡಬೇಕು. ಮಯಮತದಲ್ಲಿ ಜೀರ್ಣೋದ್ಧಾರಕ್ಕಾಗಿಯೇ ಒಂದು ಅಧ್ಯಾಯವುಂಟು. ಅದರ ಆಶಯವು ಹೀಗಿದೆ: ಅಂಗೋಪಾಂಗಗಳಲ್ಲಿ ಲಕ್ಷಣವು ಇನ್ನೂ ಕಾಣಬರುವ ಪ್ರಾಸಾದವನ್ನು ಅದರದೇ ದ್ರವ್ಯದಿಂದ ನವೀಕರಿಸತಕ್ಕದ್ದು, ಹಿಂದಿದ್ದ ಎತ್ತರ ಅಗಲಗಳನ್ನೇ ಕೊಡತಕ್ಕದ್ದು, ಹೊಸದಾಗಿ ಏನನ್ನೂ ಸೇರಿಸಲಾಗದು, ಬಲ್ಲವರ ಮತವನ್ನು ಕೇಳಿ ಮೊದಲಿನ ರೂಪಕ್ಕೆ ಅನುಗುಣವಾಗಿ ಮಾಡತಕ್ಕದ್ದು. ಭಕ್ತರು ಈ ವಿಧಿಯ ಮೊದಲರ್ಧವನ್ನು ಎತ್ತಿ ಹೇಳುತ್ತಾರೆ, ಪ್ರಾಚ್ಯವಸ್ತು ಇಲಾಖೆಯವರು ಎರಡನೆಯ ಅರ್ಧವನ್ನು ಪಾಲಿಸುತ್ತಾರೆ. ಪುರಾತನ ಸ್ಮಾರಕಗಳ ರಕ್ಷಣೆಗಾಗಿ ೧೯೬೪ರಲ್ಲಿ ವೆನಿಸ್ ನಗರದಲ್ಲಿ ಕೂಡಿದ ತಜ್ಞರು, ಊಹೆಯು ಎಲ್ಲಿ ಮೊದಲಾಗುವುದೋ ಅಲ್ಲಿ ಜೀರ್ಣೋದ್ಧಾರವು ನಿಲ್ಲಬೇಕೆಂದೂ, ಬಿದ್ದ ಭಾಗಗಳನ್ನು ಮತ್ತೆ ಕೂಡಿಸುವುದೊಂದನ್ನು ಬಿಟ್ಟು ಹೊಸ ನಿರ್ಮಾಣವು ಸಲ್ಲದೆಂದೂ ಗೊತ್ತುಮಾಡಿದರು. ಎಷ್ಟೋ ಶತಮಾನಗಳ ಹಿಂದಿನ ವಾಸ್ತುಗ್ರಂಥಕ್ಕೂ ಈ ನಿರ್ಣಯಕ್ಕೂ ಇರುವ ಸಾಮ್ಯವನ್ನು ಎರಡು ಪಕ್ಷದವರೂ ಗಮನಿಸಿದಂತೆ ತೋರುವುದಿಲ್ಲ. ಬೇಲೂರಿನಲ್ಲಿ ಹಿಂದಿದ್ದ ಎತ್ತರವೂ ದ್ರವ್ಯವೂ ಖಚಿತವಾಗದಿರುವವರೆಗೆ ಮಯಮತವೂ ಅಪ್ಪಣೆಯನ್ನು ಕೊಡುವುದಿಲ್ಲ.

ಬಿಚ್ಚಿ ಕಟ್ಟುವ ಕೆಲಸವೇ ತಪ್ಪೆಂದು ಇದರಿಂದ ತಿಳಿಯಬಾರದು. ಹನುಮಕೊಂಡದ ಸಾವಿರ ಕಂಬದ ಗುಡಿಯ ಕಲ್ಯಾಣಮಂಟಪವನ್ನು ಇಪ್ಪತ್ತೊಂದನೆಯ ಶತಮಾನದ ಮೊದಲಲ್ಲಿ ಕಲ್ಲುಕಲ್ಲಾಗಿ ಬಿಚ್ಚಿ, ಅಸ್ತಿಭಾರವನ್ನು ಭದ್ರಪಡಿಸಿ, ಮತ್ತೆ ಕೂಡಿಸಿ ೨೦೨೪ರಲ್ಲಿ ತೆರೆದರು. ಸುಮಾರು ಎರಡು ದಶಕಗಳ ಕಾಲ ಹಿಡಿಯಿತೆಂದು ನಗುವವರುಂಟು. ಕಲ್ಲುಗಳು ಎಲ್ಲಿಯೂ ಹೋಗಿರಲಿಲ್ಲ, ಸ್ಥಾನಗಳು ಗೊತ್ತಿದ್ದುವು. ತಡವಾದರೂ ಕೆಲಸವು ಕೆಲಸವೇ. ಅವಸರದ ಫಲವನ್ನು ನೋಡಬೇಕಾದರೆ ಅಥೆನ್ಸಿಗೆ ಹೋಗಬೇಕು. ಪಾರ್ಥಿನಾನಿನ ಬಿದ್ದ ಕಂಬಗಳನ್ನು ಬಲಾನೋಸ್ ಎಂಬ ಎಂಜಿನಿಯರನು ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಕಬ್ಬಿಣದ ಪಟ್ಟಿಗಳಿಂದ ಬಿಗಿದು ನಿಲ್ಲಿಸಿದನು. ಕಬ್ಬಿಣವು ತುಕ್ಕು ಹಿಡಿದು ಉಬ್ಬಿ ಅಮೃತಶಿಲೆಯನ್ನೇ ಸೀಳಿತು; ಕಲ್ಲುಗಳು ಬೇರೆಯವರ ಸ್ಥಾನದಲ್ಲಿ ಕುಳಿತಿದ್ದುದೂ ಬಯಲಾಯಿತು. ೧೯೭೫ರಿಂದ ಮೊದಲ್ಗೊಂಡು ಗ್ರೀಕರು ಆ ಜೀರ್ಣೋದ್ಧಾರವನ್ನೇ ಉದ್ಧಾರಮಾಡುತ್ತ ಬಂದಿದ್ದಾರೆ. ಹೊಯ್ಸಳೇಶ್ವರನನ್ನು ಪಾರ್ಥಿನಾನಿಗೆ ಹೋಲಿಸಿದ ಫರ್ಗ್ಯುಸನ್ನನು ಇದನ್ನು ನೋಡಲು ಇರಲಿಲ್ಲ.

ಶಿಖರವನ್ನು ಶಿರಸ್ಸೆಂದು ಕರೆದವರಿಗೆ ಹೇಳಬೇಕಾದುದು ಒಂದಿದೆ. ೧೮೭೯ರಲ್ಲಿ ಶಿಖರವು ಇಳಿದ ಮರುದಿನವೂ ಗರ್ಭಗೃಹದಲ್ಲಿ ಕೇಶವನು ಇದ್ದನು, ದೀಪವಿತ್ತು, ನೈವೇದ್ಯವಿತ್ತು. ಶಿರಸ್ಸು ಹೋದ ದೇಹವು ಹಾಗೆ ಉಳಿಯುವುದಿಲ್ಲ. ಇಳಿದುದನ್ನು ಕಿರೀಟವೆನ್ನುವುದು ಹೆಚ್ಚು ಸರಿ. ಕುಸಿಯುವ ಕಿರೀಟವನ್ನು ತೆಗೆದು ಒಡೆಯನನ್ನು ಉಳಿಸಿಕೊಂಡವರನ್ನು ಭಕ್ತಿಯಿಲ್ಲದವರೆಂದು ದೂಷಿಸಲಾಗದು. ಬೇಲೂರು, ಹಳೆಯಬೀಡು, ಸೋಮನಾಥಪುರ ಈ ಮೂರು ಸ್ಥಳಗಳನ್ನು ೨೦೨೩ರ ಸೆಪ್ಟೆಂಬರಿನಲ್ಲಿ ಯುನೆಸ್ಕೋ ಸಂಸ್ಥೆಯು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿದಾಗ, ಮೂರರಲ್ಲಿ ಎರಡಕ್ಕೆ ಶಿಖರವಿಲ್ಲವೆಂಬುದು ಆ ಗೌರವಕ್ಕೆ ಕೊರತೆಯಾಗಲಿಲ್ಲ.

ಕೈಯಲ್ಲಿ ಉತ್ಸಾಹವೂ ದ್ರವ್ಯವೂ ಇರುವವರು ಮಾಡಬೇಕಾದ ಕೆಲಸವು ಬೇರೆಯೇ ಇದೆ. ದೊಡ್ಡಗದ್ದವಳ್ಳಿಯ ಲಕ್ಷ್ಮೀದೇವಿಯ ಗುಡಿಯು ಬೇಲೂರಿಗಿಂತಲೂ ಕೆಲವು ವರ್ಷ ಹಳೆಯದು. ಅದರ ಶಿಖರಗಳು ಇನ್ನೂ ಇವೆ. ಹಾರನಹಳ್ಳಿಯವು ಇವೆ, ಅರಸೀಕೆರೆಯದು ಇದೆ. ಅವುಗಳ ಸಂದಿಯಲ್ಲಿ ಪ್ರತಿ ಮಳೆಗಾಲದಲ್ಲಿಯೂ ಅರಳಿಯ ಸಸಿಯು ಮೊಳೆಯಬಹುದು. ಕೇದಾರೇಶ್ವರದಲ್ಲಿ ಯಾರೂ ಹತ್ತದ ಏಣಿಯನ್ನು ಇಲ್ಲಿ ಹತ್ತಬೇಕು. ಇನ್ನು ಬೇಲೂರಿನ ಶಿಖರವನ್ನು ಕಾಣಲೇಬೇಕೆಂಬ ಆಸೆಯಿದ್ದವರು ಅದನ್ನು ಮರದಲ್ಲಿಯೋ ಗಾರೆಯಲ್ಲಿಯೋ, ಆಳೆತ್ತರದ ಮಾದರಿಯಾಗಿ, ನೆಲದ ಮೇಲೆ ಕಟ್ಟಲಿ. ಭೂಮಿಜದ ಐದು ನೆಲೆಯದೊಂದು, ಏಳು ನೆಲೆಯದೊಂದು, ತಾಮ್ರದ ತಗಡಿನದೊಂದು, ಹೀಗೆ ಎರಡು ಮೂರನ್ನು ಮಾಡಿ ಹಳೆಯಬೀಡಿನ ವಸ್ತುಸಂಗ್ರಹಾಲಯದಂಥ ಸ್ಥಳದಲ್ಲಿ ಒಂದರ ಪಕ್ಕದಲ್ಲಿ ಒಂದನ್ನು ಇಟ್ಟರೆ, ನೋಡಿದವರಿಗೆ ಶಿಖರದ ಕಲ್ಪನೆಯೂ ಬರುವುದು, ಅದು ಕಲ್ಪನೆಯೆಂಬ ಎಚ್ಚರವೂ ಇರುವುದು. ತಪ್ಪಿದರೆ ಇಳಿಸಿ ಮತ್ತೊಂದನ್ನು ಮಾಡಬಹುದು. ಗರ್ಭಗೃಹದ ಮೇಲೆ ಕಟ್ಟಿದುದಕ್ಕೆ ಆ ಸೌಲಭ್ಯವಿಲ್ಲ.

ಅದಕ್ಕೂ ಮೊದಲು ಬಾಗಿಲಿನ ಪುಟ್ಟ ವಿಮಾನಗಳನ್ನು ಅಂಗುಲ ಅಂಗುಲವಾಗಿ ಅಳೆದು ಬರೆದಿಡಬೇಕು. ಆರ್. ನರಸಿಂಹಾಚಾರ್ಯರು ಮೈಸೂರು ಪ್ರಾಚ್ಯವಸ್ತು ಇಲಾಖೆಯಿಂದ ೧೯೧೯ರಲ್ಲಿ ಬೇಲೂರಿನ ಕೇಶವಾಲಯವನ್ನು ಕುರಿತ ಗ್ರಂಥವನ್ನು ಪ್ರಕಟಿಸಿ ದಾರಿಯನ್ನು ತೋರಿಸಿದರು. ಮದನಿಕೆಯರ ಮುಂದೆ ನಿಲ್ಲುವ ಜನರಲ್ಲಿ ಈ ಕಿರುವಿಮಾನಗಳ ಕಡೆಗೆ ತಿರುಗಿ ನೋಡುವವರು ವಿರಳ. ಪಾದರಕ್ಷೆಯನ್ನು ಬಿಟ್ಟು ಬಿಸಿಲಿಗೆ ಕಾದ ಜಗತಿಯ ಮೇಲೆ ಅಂಗಾಲು ಸುಡುತ್ತ ಓಡುವ ಮಕ್ಕಳು ಅವುಗಳ ನೆರಳಿನಲ್ಲಿ ನಿಲ್ಲುತ್ತಾರೆ; ಮೆಟ್ಟಲನ್ನು ಏರುವ ಮುದುಕರು ಅವುಗಳ ಅಂಚನ್ನು ಹಿಡಿದು ಮೇಲಕ್ಕೆ ಬರುತ್ತಾರೆ. ಹಿಡಿದ ಕಡೆಯಲ್ಲಿ ಕಲ್ಲು ನುಣುಪಾಗಿ ಹೊಳೆಯುತ್ತದೆ, ಕೆತ್ತನೆಯು ಸವೆದಿದೆ.